ಬೀಗಪ್ಪ ಬಂಡೆ ಹತ್ತಿದ್ದು

ಆ ಕಚೇರಿಯ ಮುನ್ನೂರು ಕಂಪ್ಯೂಟರುಗಳ ಕಾವಲು ಅವನ ಹೆಗಲ ಮೇಲಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಮಿಕ್ಕ ಕಡೆಯೆಲ್ಲ ಅವನು ಬೀಗಪ್ಪನೇ. ಮನೆಯ ವೈಫೈ ಪಾಸ್‌ವರ್ಡನ್ನು ಹೆಂಡತಿಗೂ ಹೇಳದೆ, ಅವಳು ಕೇಳಿದಾಗಲೆಲ್ಲ ತಾನೇ ಬಂದು, ಬೆನ್ನು ತಿರುಗಿಸಿ ಒತ್ತಿಕೊಡುತ್ತಿದ್ದ.

"ಹದಿನಾರು ವರ್ಷ ಸಂಸಾರ ಮಾಡಿದೀನಿ, ಇನ್ನೂ ನಾನು ಹೊರಗಿನವಳೇನ್ರೀ?" ಎಂದು ಅವಳು ಕೇಳಿದರೆ, "ಮೋಸ ಆಗೋದೇ ಒಳಗಿನವರಿಂದ," ಎನ್ನುತ್ತಿದ್ದ.

ತಿಂಗಳಿಗೊಮ್ಮೆ ತಾನೇ ಒಂದು ಸುಳ್ಳು ಮೇಲ್ ಹೆಣೆದು ಕಚೇರಿಗೆಲ್ಲ ಕಳಿಸಿ, ಅದರೊಳಗಿನ ಲಿಂಕನ್ನು ಯಾರು ಒತ್ತುತ್ತಾರೆಂದು ಬೆಕ್ಕಿನ ಹಾಗೆ ಕಾಯುವುದು ಅವನ ಪರಮಸುಖ. ಈ ಸಲ ಸಿಕ್ಕಿಬಿದ್ದವನು ಕಚೇರಿ ಬಸ್ಸಿನ ಚಾಲಕ. 'ನಿಮಗೊಂದು ಜೊತೆ ಶೂ ಉಚಿತ' ಎಂದಿದ್ದನ್ನು ನಂಬಿ, ಪಾದದ ಅಳತೆಯನ್ನೂ ತುಂಬಿ ಕಳಿಸಿದ್ದ. ಬೀಗಪ್ಪ ತುಂಬಿದ ಸಭೆಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದ.

"ಬಿಟ್ಟಿ ಸಿಕ್ಕರೆ ವಿಷಾನೂ ಕುಡೀತೀಯೇನಪ್ಪಾ?"

ಎಲ್ಲರೂ ನಕ್ಕರು. ಚಾಲಕ ತನ್ನ ಸವೆದ ಚಪ್ಪಲಿ ನೋಡುತ್ತ ನಿಂತ.

ಮುಂದಿನ ವಾರ ಕಚೇರಿಯವರೆಲ್ಲ ಸಮುದ್ರತೀರಕ್ಕೆ ವಿಹಾರ ಹೊರಟರು. ಬಸ್ಸು ಓಡಿಸಿದವನು ಅದೇ ಚಾಲಕ. ಅವನ ತಾತ, ಅಪ್ಪ ಎಲ್ಲ ಮೀನು ಹಿಡಿದು ಬದುಕಿದವರು. ದಡದಿಂದ ಕೂಗಳತೆಯಲ್ಲಿ ಒಂದು ದೊಡ್ಡ ಬಂಡೆಯಿತ್ತು. ನೀರಿಳಿದ ಹೊತ್ತಿನಲ್ಲಿ ಅಲ್ಲಿಯವರೆಗೆ ಮರಳಿನ ದಾರಿ ತೆರೆದುಕೊಳ್ಳುತ್ತಿತ್ತು. ಬೀಗಪ್ಪ ಪ್ಯಾಂಟು ಮಡಚಿದ.

"ಬೇಡಿ ಸಾರ್, ನೀರು ಏರ್ತಾ ಇದೆ," ಎಂದ ಚಾಲಕ.

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಕಣ್ಣೆದುರಿಗೇ ಇದೆಯಲ್ಲ. ದಾರಿ ಆಗ್ಲೇ ಅರ್ಧ ಆಗಿದೆ."

ಬೀಗಪ್ಪ ಫೋನು ಎತ್ತಿ ಹಿಡಿದ. "ಆ್ಯಪ್ ಪ್ರಕಾರ ನೀರು ಏರೋಕೆ ಇನ್ನೂ ಎರಡು ಗಂಟೆ ಟೈಮಿದೆ. ಲಕ್ಷ ಜನ ಮೆಚ್ಚಿದ ಆ್ಯಪು! ಬಿಟ್ಟಿ ಶೂ ನಂಬಿದೋನು ನನಗೆ ಬುದ್ಧಿ ಹೇಳ್ತೀಯಾ?"

ಆ್ಯಪ್ ಸುಳ್ಳು ಹೇಳಿರಲಿಲ್ಲ. ತಾನು ಎಲ್ಲಿದ್ದೇನೆಂದು ಜಗತ್ತಿಗೆ ತಿಳಿಯಬಾರದೆಂದು ಬೀಗಪ್ಪ ಫೋನಿಗೆ ಬೇರೆಲ್ಲಿಯದೋ ವಿಳಾಸ ಕೊಟ್ಟಿದ್ದ. ಪಾಪ, ಆ್ಯಪ್ ಆ ಬೇರೆ ಊರಿನ ಸಮುದ್ರ ಏರುವ ಸಮಯವನ್ನು ಪ್ರಾಮಾಣಿಕವಾಗಿ ಒಪ್ಪಿಸಿತ್ತು.

ಬಂಡೆಯ ಮೇಲೆ ಅರ್ಧ ಗಂಟೆ ಗಾಳಿಗೆ ಎದೆಯೊಡ್ಡಿ ಕೂತು, ಸಾಕೆನಿಸಿ ತಿರುಗಿದರೆ ದಾರಿಯೇ ಇರಲಿಲ್ಲ. ಅವನಿಗೆ ಈಜು ಬಾರದು. ಒಂದು ಅಲೆ ಮುಖಕ್ಕೆ ಅಪ್ಪಳಿಸಿತು. ಫೋನು ತೆಗೆದ. ಉಪ್ಪುನೀರು ಸುರಿಯುವ, ಭಯಕ್ಕೆ ಸೊಟ್ಟಗಾದ ಆ ಮುಖವನ್ನು ಫೋನು ಗುರುತಿಸಲಿಲ್ಲ. ಒದ್ದೆ ಬೆರಳನ್ನೂ ಒಪ್ಪಲಿಲ್ಲ. ಇಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್ ಮೂರು ಸಲ ತಪ್ಪಿತು. ಮೂರು ಸಲ ತಪ್ಪಿದರೆ ಎಲ್ಲವನ್ನೂ ಅಳಿಸಿಬಿಡು ಎಂದು ಅಪ್ಪಣೆ ಕೊಟ್ಟವನೂ ಅವನೇ. ಫೋನು ಒಡೆಯನ ಮಾತು ಮೀರಲಿಲ್ಲ. ಹೆಂಡತಿಯ ನಂಬರು ಅದರಲ್ಲಿತ್ತು, ತಲೆಯಲ್ಲಿರಲಿಲ್ಲ. ಹದಿನಾರು ವರ್ಷ ಅದನ್ನು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗಿರಲಿಲ್ಲವಲ್ಲ ಎಂದು ಹೊಳೆದು, ಅವನು ಗಂಟಲು ಹರಿಯುವಂತೆ ಅತ್ತ.

ಚಾಲಕ ದಡದಲ್ಲಿದ್ದ ದೋಣಿಯವನನ್ನು ಒಪ್ಪಿಸಿ, ತಾನೂ ಹುಟ್ಟು ಹಿಡಿದು ಬಂದ. ಅಷ್ಟರಲ್ಲಿ ಬೀಗಪ್ಪನ ಮೊಣಕಾಲಿನವರೆಗೆ ನೀರು.

"ನಿನ್ನ ಉಪಕಾರ ಸತ್ತರೂ ಮರೆಯಲ್ಲ ಕಣೋ!" ಎಂದು ಚಾಲಕನನ್ನು ಬಾಚಿ ತಬ್ಬಿದ.

"ಆಯ್ತು ಸಾರ್. ಸುಮ್ನೆ ಕೂತ್ಕೊಳಿ, ದೋಣಿ ಮಗುಚುತ್ತೆ."

ಸೋಮವಾರದ ಹೊತ್ತಿಗೆ ಬೀಗಪ್ಪ ಒಣಗಿದ್ದ. ಮೇಲಿನವರಿಗೆ 'ಸಮುದ್ರದಿಂದ ಸಂಸ್ಥೆಗಿರುವ ಅಪಾಯ' ಎಂದು ಹನ್ನೆರಡು ಪುಟದ ವರದಿ ಬರೆದ. ಮೇಲಿನವರು ಬೆರಗಾಗಿ, ಇನ್ನು ಮುಂದೆ ನೀರು, ಬೆಟ್ಟ, ಕಾಡುಗಳ ಸುರಕ್ಷತೆಯನ್ನೂ ಅವನಿಗೇ ವಹಿಸಿ, ಹುದ್ದೆ ಏರಿಸಿದರು. ಅವನು ಎಲ್ಲರಿಗೂ ಕಡ್ಡಾಯವಾಗಿ ಒಂದು ಆನ್‌ಲೈನ್ ಪರೀಕ್ಷೆ ಇಟ್ಟ. ನೀರು ಏರುತ್ತಿದೆಯೆಂದು ತಿಳಿಯುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ಅಧಿಕೃತ ಆ್ಯಪ್ ನೋಡಿ ಎಂಬುದು ಅವನ ಪ್ರಕಾರ ಸರಿಯುತ್ತರ.

ಚಾಲಕ 'ನೀರನ್ನು ನೋಡಿ' ಎಂದು ಗುರುತು ಹಾಕಿ ನಪಾಸಾದ. ಅಂಕಪಟ್ಟಿ ನೋಡಿದ ಬೀಗಪ್ಪನಿಗೆ ನಿಜವಾಗಿಯೂ ಕರುಳು ಚುರುಕ್ ಎಂದಿತು. ಉಪಕಾರ ಮರೆಯುವವನಲ್ಲ ಅವನು. ಚಾಲಕನನ್ನು ಕರೆಸಿ, ಬೆನ್ನು ತಟ್ಟಿ, ಇನ್ನೊಮ್ಮೆ ಬರೆಯಲು ಅವಕಾಶ ಕೊಟ್ಟ.