ದ್ರಾಕ್ಷಾರಸ ಕುದಿಸಿದ ಬಾಣಲೆ

ನಾನು ಬಾಣಲೆಯಾಗುವ ಮೊದಲು ರೈಲಿನ ಬ್ರೇಕ್ ಆಗಿದ್ದೆ. ಗಾಲಿಗೆ ಮೈಯುಜ್ಜಿ ಸವೆದ ಎರಕದ ಕಬ್ಬಿಣದ ತುಂಡುಗಳನ್ನು ಆ ಕಾಲದಲ್ಲಿ ಹರಾಜು ಹಾಕುತ್ತಿದ್ದರು. ಹುಬ್ಬಳ್ಳಿಯ ಒಂದು ಸಣ್ಣ ಎರಕದ ಕಾರ್ಖಾನೆಯವರು ನಮ್ಮನ್ನು ಕೊಂಡು ತಂದು ಕುಲುಮೆಯಲ್ಲಿ ಕರಗಿಸಿದರು. ಅದು 1958ರ ಮಾರ್ಚ್ ತಿಂಗಳು. ಮರಳಿನ ಅಚ್ಚಿನೊಳಗೆ ಕೆಂಪು ನೀರಾಗಿ ಇಳಿದೆ. ಅಚ್ಚು ಒಡೆದಾಗ ಹತ್ತು ಅಂಗುಲ ಅಗಲದ, ಗೇಣುದ್ದ ಹಿಡಿಕೆಯ ಚಪ್ಪಟೆ ಬಾಣಲೆಯಾಗಿ ಹೊರಬಂದೆ. ತೂಕ ಎರಡೂ ಮುಕ್ಕಾಲು ಕಿಲೋ. ಓಡುವುದನ್ನು ನಿಲ್ಲಿಸುವುದು ನನ್ನ ಹಿಂದಿನ ಜನ್ಮದ ಕೆಲಸ. ಈ ಜನ್ಮದಲ್ಲಿ ಹೊರಟವರನ್ನು ನೋಡುತ್ತ ಕೂಡುವುದಷ್ಟೇ ನನ್ನ ಪಾಲಿಗೆ ಬಂತು.

ನನ್ನನ್ನು ಮೊದಲು ಕೊಂಡವರು ರೈಲ್ವೆ ಕಾಲೊನಿಯ ಮಿಸೆಸ್ ಫೋಲಿ. ಅವರ ಗಂಡ ಮೇಲ್ ಗಾಡಿಯ ಡ್ರೈವರ್. ಅವರ ಮನೆಯಲ್ಲಿ ಅಡುಗೆಗಿದ್ದವಳು ರೂತಮ್ಮ. ಬೆಟಗೇರಿ ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತರ ಹೆಂಗಸು. ಅವಳು ನನಗಿಟ್ಟ ಹೆಸರು 'ದೊರೆಸಾನಿ ಹಂಚು'. ಫೋಲಿ ದಂಪತಿಯ ಮದುವೆಯ ದಿನ ಬಂತೆಂದರೆ ಆ ಮನೆಯಲ್ಲಿ ನನ್ನದೇ ಹಬ್ಬ. ನಾನು ಹೊಗೆಯಾಡುವಷ್ಟು ಕಾಯಬೇಕು. ಅಂಡರ್‌ಕಟ್, ಅಂದರೆ ಬೆನ್ನಡಿಯ ಮೆತ್ತನೆ ಮಾಂಸದ ಎರಡು ದಪ್ಪ ತುಂಡು ಮೈಮೇಲೆ ಬಿದ್ದೊಡನೆ ಚುರ್ರೆನ್ನಬೇಕು. ಒಂದೊಂದು ಮಗ್ಗುಲಿಗೆ ಮೂರು ನಿಮಿಷ. ತುಂಡು ತೆಗೆದ ಮೇಲೆ ತಳಕ್ಕೆ ಹತ್ತಿದ ಕಂದು ಕರಕಿನ ಮೇಲೆ ವೈನ್ ಸುರಿದು, ಮರದ ಸೌಟಿನಿಂದ ಕೆರೆದು, ಅರ್ಧಕ್ಕೆ ಇಂಗಿಸಿ, ಬೆಣ್ಣೆ ಹಾಕಿ ಇಳಿಸಬೇಕು. ಹುಳಿ ನನ್ನ ಮೈಗೆ ಆಗದು. ಬಹಳ ಹೊತ್ತು ಕುದಿಸಿದರೆ ಸಾರಿಗೆ ಕಬ್ಬಿಣದ ರುಚಿ ಇಳಿಯುತ್ತದೆ. ಮಿಸೆಸ್ ಫೋಲಿಗೆ ಅದು ಗೊತ್ತಿತ್ತು. ಅವರು ಗಡಿಯಾರ ನೋಡಿ ಕೆಲಸ ಮಾಡುವವರು. ಆಮೇಲೆ ನನ್ನನ್ನೇ ಮೇಜಿನ ಮೇಲಿಟ್ಟು ಗಂಡ ಹೆಂಡತಿ ಎದುರುಬದುರು ಕೂತು ಉಣ್ಣುತ್ತಿದ್ದರು.

1969ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೊರಟರು. ನಾನು ಭಾರವಾದೆ. ಹೀಗೆ ರೂತಮ್ಮನ ಪಾಲಾದೆ.

ರೂತಮ್ಮನ ಒಲೆಯ ಮೇಲೆ ಮೂವತ್ತು ವರ್ಷ ಶೇಂಗಾ ಹುರಿದೆ, ಒಣಮೆಣಸಿನಕಾಯಿ ಹುರಿದೆ, ಮೀನು ಕರಿದೆ. ದುಡಿಮೆಗೆ ನನಗೆ ಬೇಸರವಿರಲಿಲ್ಲ. ಆದರೆ ಆ ಚುರ್ರೆನ್ನುವ ಸದ್ದು, ಆಮೇಲೆ ಇಬ್ಬರು ಮಾತಿಲ್ಲದೆ ಉಣ್ಣುವ ಆ ಹೊತ್ತು, ಅದಕ್ಕಾಗಿ ಮೈ ಹಂಬಲಿಸುತ್ತಿತ್ತು. ರೂತಮ್ಮ ಆ ಅಡುಗೆಯನ್ನು ಮಗಳಿಗೆ ಬಾಯಿಮಾತಲ್ಲೇ ಕಲಿಸಿದಳು. "ಮಾಡಿ ತೋರ್ಸವ್ವಾ" ಎಂದು ಮಗಳು ಕೇಳಿದರೆ, "ಅದು ಇಬ್ಬರಿಗೆ ಮಾಡೂ ಅಡಿಗಿ. ನಿಮ್ಮಪ್ಪ ಹೋಗಿ ವರ್ಷ ಎಷ್ಟಾತು?" ಎನ್ನುತ್ತಿದ್ದಳು.

ಆ ಮಗಳೇ ಸುಗುಣಾ. ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ತಾಯಿ ತೀರಿಕೊಂಡ ಮೇಲೆ ಸ್ಟೇಷನ್ ಹತ್ತಿರದ ಎರಡು ಕೋಣೆಯ ಮನೆಯಲ್ಲಿ ನಾನೂ ಅವಳೂ ಉಳಿದೆವು.

ಅವಳ ವಾರ್ಡಿನಲ್ಲಿ ಒಬ್ಬ ಮುದುಕಿ ಎರಡು ತಿಂಗಳಿದ್ದು ತೀರಿಕೊಂಡಳು. ಮುದುಕಿಯ ಮಗ ವಿಕ್ಟರ್ ಡಿಮೆಲ್ಲೊ ರೈಲಿನ ಡ್ರೈವರ್. ಲೋಕೋ ಪೈಲಟ್ ಎಂಬ ಹೆಸರು ಬಂದದ್ದು ಆಮೇಲೆ. ಕ್ಯಾಥೊಲಿಕ್. ನಲವತ್ತು ಮೀರಿದರೂ ಮದುವೆಯಾಗಿರಲಿಲ್ಲ. ತಾಯಿಯ ಮಣ್ಣಾದ ಮೇಲೂ ಅವನು ಆಸ್ಪತ್ರೆಗೆ ಬಂದ, ಥ್ಯಾಂಕ್ಸ್ ಹೇಳಲು. ಇನ್ನೊಮ್ಮೆ ಬಂದ, ಮೊದಲ ಸಲ ಸರಿಯಾಗಿ ಹೇಳಲಿಲ್ಲವೆಂದು. ಅಲ್ಲಿಂದ ಅವನಿಗೆ ಊಟದ ಡಬ್ಬಿ ಕಳಿಸುವುದು ಶುರುವಾಯಿತು. ನನ್ನ ಮೇಲೆ ಹುರಿದದ್ದು ಡಬ್ಬಿ ಸೇರಿ ರೈಲು ಹತ್ತುತ್ತಿತ್ತು. ಅವನಿಗೆ ರಜೆಯಿದ್ದ ದಿನ ಇವಳಿಗೆ ಡ್ಯೂಟಿ, ಇವಳು ಮನೆಯಲ್ಲಿದ್ದರೆ ಅವನು ಗಾಡಿಯ ಮೇಲೆ. ಎರಡು ವರ್ಷ ಹೀಗೇ ಕಳೆಯಿತು. ಒಮ್ಮೆಯೂ ಎದುರುಬದುರು ಕೂತು ಉಂಡಿರಲಿಲ್ಲ. ಮೊಬೈಲು ಇನ್ನೂ ಇಬ್ಬರ ಕೈಗೂ ಬಂದಿರಲಿಲ್ಲ.

2003ರ ಜನವರಿಯಲ್ಲಿ ವಿಕ್ಟರ್‌ಗೆ ಬಡ್ತಿಯಾಯಿತು, ಹೊಸಪೇಟೆಗೆ ವರ್ಗ. ಹೊರಡುವ ಹಿಂದಿನ ದಿನ ಭಾನುವಾರ. ಅಂದು ಸಂಜೆ ಇಬ್ಬರಿಗೂ ಬಿಡುವು. "ಊಟಕ್ಕ ಬರ್ರಿ" ಎಂದು ಸುಗುಣಾ ಕರೆದಳು. "ಬರ್ತೀನಿ. ಒಂದು ಮಾತು ಕೇಳೂದೈತಿ" ಎಂದ ಅವನು. ಆ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅಂದು ಕೇಳದಿದ್ದರೆ ಇನ್ನು ಕೇಳುವುದಿಲ್ಲವೆಂಬುದೂ ಗೊತ್ತಿತ್ತು.

ಶನಿವಾರ ಅವಳು ವೈನ್ ತರಲು ಹೋಗಿ ಬರಿಗೈಯಲ್ಲಿ ಬಂದಳು. ಪಕ್ಕದ ಮನೆಯ ಸೆಲಿನ್ ಕೂಡ ಅದೇ ಆಸ್ಪತ್ರೆಯ ನರ್ಸ್, ವಿಕ್ಟರ್‌ನಂತೆ ಕ್ಯಾಥೊಲಿಕ್. ಅವಳಿಗೆ ಸುಗುಣಾ ಕಥೆ ಹೇಳಿದಳು.

"ಬೋರ್ಡ್ ಮ್ಯಾಲೆ ಇಷ್ಟುದ್ದ 'ವೈನ್ಸ್' ಅಂತ ಬರದಾರ. ಸೆರಗ ಹೊತ್ಕೊಂಡು ಹೋಗಿ ಕೇಳಿದ್ರ ಅಂವ ಏನಂತಾನ ಗೊತ್ತೇನ? 'ಅಕ್ಕಾರ, ವೈನ್ ಅನ್ನೂದು ಅಂಗಡಿ ಹೆಸರ್ರೀ. ಒಳಗ ವೈನ್ ಒಂದ ಬಿಟ್ಟು ಎಲ್ಲಾ ಐತಿ.'"

ಸೆಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮತ್ತ ಈಗ?"

"ಈಗೇನು, ಮನ್ಯಾಗ ಐತಲ್ಲ."

ಮನೆಯಲ್ಲಿದ್ದದ್ದು ಅವಳ ಚರ್ಚಿನ ದ್ರಾಕ್ಷಾರಸ. ತಿಂಗಳ ಮೊದಲ ಭಾನುವಾರ ಸಭೆಗೆ ರೊಟ್ಟಿಯೊಡನೆ ಹಂಚುವ ಸಂಸ್ಕಾರಕ್ಕೆ ಅದನ್ನು ಮಾಡುವ ಕೆಲಸ ಅವಳದು. ಕರಿದ್ರಾಕ್ಷಿಯನ್ನು ಕುದಿಸಿ, ಸೋಸಿ, ಸಕ್ಕರೆ ಬೆರೆಸಿ ಬಾಟಲಿಗೆ ತುಂಬುತ್ತಿದ್ದಳು. ಹುಳಿ ಬರಲು ಬಿಡುತ್ತಿರಲಿಲ್ಲ. ಅಮಲಿನ ಹನಿಯೂ ಅದರಲ್ಲಿ ಇರುತ್ತಿರಲಿಲ್ಲ.

ಭಾನುವಾರ ಏಳೂವರೆಗೆ ವಿಕ್ಟರ್ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕುಂದಾದ ಪೊಟ್ಟಣ. ಮೂವತ್ತನಾಲ್ಕು ವರ್ಷಗಳ ಮೇಲೆ ಎಮ್ಮೆಯ ಅಂಡರ್‌ಕಟ್‌ನ ಎರಡು ತುಂಡು ನನ್ನ ಮೇಲೆ ಬಿದ್ದು ಚುರ್ರೆಂದವು. ಸುಗುಣಾ ತಪ್ಪಲಿಲ್ಲ. ಒಂದೊಂದು ಮಗ್ಗುಲಿಗೆ ಮೂರೇ ನಿಮಿಷ. ಈರುಳ್ಳಿ, ದ್ರಾಕ್ಷಾರಸ, ಕುಟ್ಟಿದ ಕಾಳುಮೆಣಸು. ಸಿಹಿ ಮುರಿಯಲು ಅರ್ಧ ನಿಂಬೆ, ಕೊನೆಗೆ ಬೆಣ್ಣೆ. ನನ್ನನ್ನು ಮೇಜಿನ ಮೇಲೆ ಹೆಂಚಿನ ತುಂಡೊಂದರ ಮೇಲಿಟ್ಟಳು.

"ವಾಸನಿ ಭಾರಿ ಐತ್ರಿ ಸಿಸ್ಟರ್" ಎಂದ ವಿಕ್ಟರ್.

"ಎರಡು ವರ್ಷ ಆತು, ಇನ್ನೂ ಸಿಸ್ಟರ್ ಏನ್ರಿ? ನನಗೊಂದು ಹೆಸರೈತಿ."

"ರೂಢಿ ಬಿದ್ದೈತ್ರಿ ಸಿಸ್ಟರ್" ಎಂದು ತಾನೇ ನಾಲಿಗೆ ಕಚ್ಚಿಕೊಂಡ. ಇಬ್ಬರೂ ನಕ್ಕರು. ಅವನು ಫೋರ್ಕ್ ಎತ್ತಿಕೊಂಡ. "ಈ ಸಾಸ್ ಯಾತರದು?"

"ವೈನ್ ಸಾಸ್!" ಎಂದಳು ಹೆಮ್ಮೆಯಿಂದ.

ಫೋರ್ಕ್ ಅಲ್ಲೇ ನಿಂತಿತು.

ಡ್ರೈವರ್‌ಗಳು ಡ್ಯೂಟಿಗೆ ಸಹಿ ಹಾಕುವ ಮೊದಲು ಒಂದು ಯಂತ್ರದೊಳಗೆ ಊದಬೇಕು. ಉಸಿರಿನಲ್ಲಿ ಮದ್ಯದ ಸುಳಿವು ಸಿಕ್ಕರೆ ಗಾಡಿ ಕೊಡುವುದಿಲ್ಲ. ಹಿಂದಿನ ವರ್ಷ ವಿಕ್ಟರ್ ಕೆಮ್ಮಿನ ಔಷಧ ಕುಡಿದು ಊದಿ ಸಿಕ್ಕಿಬಿದ್ದಿದ್ದ. ನಿಜ ತಿಳಿಯುವ ತನಕ ಹನ್ನೊಂದು ದಿನ ಮನೆಯಲ್ಲಿ ಕೂರಿಸಿದ್ದರು. ಜೀವಮಾನದಲ್ಲಿ ಹೆಂಡ ಮುಟ್ಟದವನು ಕಾಲೊನಿಯಲ್ಲಿ ಕುಡುಕನೆಂಬ ಹೆಸರು ಹೊತ್ತು ತಿರುಗಿದ್ದ. ಈ ಸಂಗತಿ ನನಗೆ ತಿಳಿದದ್ದು ಮರುದಿನ. ಸುಗುಣಾಗೆ ಅವನು ಆವರೆಗೆ ಹೇಳಿರಲಿಲ್ಲ, ನಾಚಿಕೆಯಿಂದ.

"ಭಯ ಬ್ಯಾಡ್ರಿ" ಎಂದಳು ಅವಳು. "ಅಂಗಡೀದಲ್ಲ, ಚರ್ಚಿಂದು. ಸಂಸ್ಕಾರದ ದ್ರಾಕ್ಷಾರಸ."

ಅವನ ಮುಖ ಇನ್ನಷ್ಟು ಇಳಿಯಿತು. ಮಾಂಸವನ್ನು ಮುಟ್ಟಲಿಲ್ಲ. ಆಲೂಗಡ್ಡೆ ತಿಂದ, ಬ್ರೆಡ್ಡು ತಿಂದ. "ಹೊಟ್ಟಿ ಸರಿ ಇಲ್ರಿ" ಎಂದ. ಮುಂಜಾನೆ ಗಾಡಿಯಿದೆ ಎಂದ. ಕೇಳಬೇಕಾಗಿದ್ದ ಮಾತನ್ನು ಕೇಳದೆ ಎಂಟೂಕಾಲಿಗೆ ಎದ್ದು ಹೋದ. ಅವಳು ತನ್ನ ತುಂಡನ್ನೂ ತಿನ್ನಲಿಲ್ಲ. ಎರಡೂ ನನ್ನಲ್ಲೇ ಉಳಿದವು.

ಮರುದಿನ ಏಳೂವರೆಗೆ ರಾತ್ರಿಪಾಳಿ ಮುಗಿಸಿ ಬಂದ ಸೆಲಿನ್ ನನ್ನೊಳಗೆ ಇಣುಕಿದಳು.

"ಯಾಕ, ಡ್ರೈವರ್ ಸಾಹೇಬ್ರು ತಿನ್ನಲಿಲ್ಲೇನ?"

"ನನ್ನ ಕೈ ಅಡಿಗಿ ಹಿಡಿಸಲಿಲ್ಲ. ನಾನೂ ಹಿಡಿಸಲಿಲ್ಲ, ಬಿಡು. ಚರ್ಚಿನ ದ್ರಾಕ್ಷಾರಸ ಹಾಕೀನಿ ಅಂದ ಕೂಡ್ಲೆ ಮಾರಿ ಸಣ್ಣ ಮಾಡಿದ್ರು."

ಸೆಲಿನ್ ಹಣೆ ಚಚ್ಚಿಕೊಂಡಳು. "ಅಯ್ಯ ಹುಚ್ಚಿ! ನಿಮ್ಮ ಚರ್ಚಿಂದು ಶರಬತ್ತು. ನಮ್ಮ ಚರ್ಚಿನಾಗ ಫಾದರ್ ಕುಡಿಯೂದು ಖರೇ ವೈನ್, ಹುಳಿ ಬಂದದ್ದು. ವಿಕ್ಟರ್ ನಮ್ಮಾಂವ, ಅಂವಗ ಅದ ಗೊತ್ತು. ಹೋದ ವರ್ಷ ಕೆಮ್ಮಿನ ಔಷಧ ಕುಡದು ಊದಿ ಹನ್ನೊಂದು ದಿನ ಮನ್ಯಾಗ ಕುಂತಿದ್ದ. ನಿನಗ ಹೇಳಿಲ್ಲೇನ?"

ಒಂದೇ ಬೈಬಲ್ಲಿನ ಒಂದೇ ಮಾತು. ಅವನ ಕಿವಿಗೆ ಅದು ಮದ್ಯ, ಅವಳ ಕಿವಿಗೆ ಹಣ್ಣಿನ ರಸ.

ಸುಗುಣಾ ನನ್ನನ್ನು ಒಲೆಗಿಟ್ಟು ಬಿಸಿ ಮಾಡಿದಳು, ಬ್ರೆಡ್ಡಿನ ನಾಲ್ಕು ಹೋಳಿನೊಡನೆ ಟವೆಲ್ಲಿನಲ್ಲಿ ಸುತ್ತಿದಳು, ಎರಡೂ ತೋಳಿನಲ್ಲಿ ಎತ್ತಿಕೊಂಡಳು. ರೂತಮ್ಮನ ಮನೆ ಸೇರಿದ ಮೇಲೆ ನಾನು ಒಲೆಯ ಬಿಸಿ ಹೊತ್ತು ಹೊಸ್ತಿಲು ದಾಟಿದ್ದು ಅದೇ ಮೊದಲು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಂಜಿನ್ನಿನ ಕೆಳಗೆ ವಿಕ್ಟರ್ ನಿಂತಿದ್ದ. ಅವಳಿಗೆ ಏದುಸಿರು.

"ಕುದಿಸಿದ್ದು ರೀ! ನಮ್ಮ ಚರ್ಚಿಂದು ಕುದಿಸಿದ್ದು! ಹುಳಿ ಬಂದಿಲ್ಲ. ಕೂಸಿಗೆ ಕುಡಿಸಬಹುದು."

ಅವನು ಅವಳನ್ನು ನೋಡಿದ, ಟವೆಲ್ಲು ಬಿಚ್ಚಿ ನನ್ನನ್ನು ನೋಡಿದ. "ನಾ ನಿಮಗ ಮೊದಲ ಹೇಳಬೇಕಿತ್ತು" ಎಂದ. ನಿಂತಲ್ಲೇ ಕೈಯಿಂದ ಮಾಂಸ ಎತ್ತಿಕೊಂಡು ಬಾಯಿಗಿಟ್ಟ. ಸತ್ಯ ಹೇಳಬೇಕು, ಎರಡನೆಯ ಸಲ ಕಾಯಿಸಿದ ಸ್ಟೇಕ್ ಚಪ್ಪಲಿಯ ಚರ್ಮಕ್ಕೆ ಸಮ. ಅವನು ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಮೇಲಿನಿಂದ ಅಸಿಸ್ಟೆಂಟ್ ಕೂಗಿದ: "ಸಾಹೇಬ್ರ, ಸಿಗ್ನಲ್ ಕೊಟ್ರು!"

ವಿಕ್ಟರ್ ಕೈ ಎತ್ತಿ, ತಡೆ ಎಂದು ಸನ್ನೆ ಮಾಡಿದ. ಬಾಯಿ ಖಾಲಿಯಾಗಲಿಲ್ಲ.

"ನೀವು ನಿನ್ನೆ ಕೇಳಾಕ ಬಂದಿದ್ರಿ" ಎಂದಳು ಸುಗುಣಾ. "ಇವತ್ತ ನಾ ಕೇಳ್ತೀನಿ. ನನ್ನ ಕಟ್ಕೋತೀರೇನು?"

ಅವನ ಕಣ್ಣು ತುಂಬಿದವು. ಮೆಣಸಿಗೋ, ಮಾತಿಗೋ, ಹೇಳಲಾರೆ. ಓಡಿ ಇಂಜಿನ್ ಹತ್ತಿದ. ಒಂದು ಉದ್ದನೆಯ ಸೀಟಿ ಕೇಳಿಸಿತು. ಗಾಡಿ ಹೊರಟಿತು.

ದಾರಿಯುದ್ದಕ್ಕೂ ಅವಳು ನನ್ನನ್ನು ಎದೆಗವಚಿಕೊಂಡು ನಡೆದಳು. ಸೀಟಿಯೇ ಉತ್ತರವೆಂದುಕೊಂಡಿದ್ದಳು. ಸಂಜೆ ಸೆಲಿನ್ ಆ ಆಸೆಯನ್ನೂ ಕೆಡಿಸಿದಳು. "ಒಂದು ಉದ್ದ ಸೀಟಿ ಅಂದ್ರ ಹೊರಡ್ತೀವಿ ಅಂತ ಅಷ್ಟ. ಎಲ್ಲಾ ಡ್ರೈವರ್ರೂ ಹೊಡೀತಾರ."

ದಿನಗಳು ಕಳೆದವು. ಪತ್ರವಿಲ್ಲ. ಅವಳು ಒಲೆ ಹೊತ್ತಿಸುವುದನ್ನೇ ಕಡಿಮೆ ಮಾಡಿದಳು. ನನ್ನನ್ನು ಒಳಗೆ ಬಾಗಿಲ ಪಕ್ಕದ ಕಟ್ಟೆಗೆ ಒರಗಿಸಿಟ್ಟಿದ್ದಳು.

ಹನ್ನೆರಡನೆಯ ದಿನ ಮಧ್ಯಾಹ್ನ ಎರಡಕ್ಕೆ ಯಾರೋ ಬಾಗಿಲು ಬಡಿದರು. ಸುಗುಣಾ ಆಸ್ಪತ್ರೆಯಲ್ಲಿದ್ದಳು, ಸೆಲಿನ್ ಕೂಡ. ಕೆಮ್ಮು ಕೇಳಿ ಗುರುತು ಹಿಡಿದೆ, ವಿಕ್ಟರ್. ಅವನು ಮೆಟ್ಟಿಲ ಮೇಲೆ ಕೂತ. ಮೂರು ಗಂಟೆ ಹೊಡೆಯಿತು, ನಾಲ್ಕು ಹೊಡೆಯಿತು. ಆಸ್ಪತ್ರೆಗೆ ಹೋಗು ಮಾರಾಯ ಎಂದು ಕೂಗುವ ಬಾಯಿ ನನಗಿಲ್ಲ. ಅವನೂ ಹೋಗಲಿಲ್ಲ. ವಾರ್ಡಿನ ಎದುರು ಆ ಮಾತು ಹೇಳುವ ಎದೆ ಅವನಿಗಿರಲಿಲ್ಲ. ಐದಕ್ಕೆ ಎದ್ದ. ಕಾಗದ ಹರಿದ ಸದ್ದಾಯಿತು. ಬಾಗಿಲ ಸಂದಿನಿಂದ ಒಂದು ಚೀಟಿ ಒಳಗೆ ಜಾರಿ, ನೇರವಾಗಿ ಚಾಪೆಯ ಅಡಿಗೆ ಹೋಯಿತು.

ಸುಗುಣಾ ಎಂಟೂವರೆಗೆ ಬಂದು ಆ ಚಾಪೆಯ ಮೇಲೆಯೇ ಕಾಲೊರೆಸಿದಳು. ಚಹಾ ಮಾಡಿಕೊಂಡು, ಗೋಡೆಗೊರಗಿ, ಆರುವ ತನಕ ಅದನ್ನು ನೋಡುತ್ತ ಕೂತಳು. ಉತ್ತರ ಅವಳಿಂದ ಮೂರು ಮಾರು ದೂರದಲ್ಲಿತ್ತು. ಅದು ಎಲ್ಲಿದೆಯೆಂದು ಗೊತ್ತಿದ್ದವನು ನಾನೊಬ್ಬನೇ. ಕುಲುಮೆಯಲ್ಲಿ ಕರಗಿದಾಗಲೂ ನಾನು ಅಷ್ಟು ಬೆಂದಿರಲಿಲ್ಲ.

ಬೆಳಿಗ್ಗೆ ಕಸ ಗುಡಿಸಲು ಚಾಪೆ ಎತ್ತಿದಳು. ನಿಂತಲ್ಲೇ ಓದಿದಳು. ಮತ್ತೆ ದನಿಯೆತ್ತಿ ಓದಿದಳು, ನನಗೂ ಕೇಳಲೆಂಬಂತೆ:

"ಸುಗುಣಾ, ಆವತ್ತು ಬಾಯಿ ತುಂಬಿತ್ತು. ಹೌದು. ಇಪ್ಪತ್ತೆರಡಕ್ಕೆ ರಜಾ ಐತಿ. ವಿಕ್ಟರ್."

ಮದುವೆಯಾಯಿತು. ಆದರೆ ಅವನ ಕೆಲಸ ಹೊಸಪೇಟೆಯಲ್ಲಿ, ಅವಳದು ಹುಬ್ಬಳ್ಳಿಯಲ್ಲಿ. ಮರುವರ್ಗಕ್ಕೆ ಹಾಕಿದ ಅರ್ಜಿಗೆ ಆರು ವರ್ಷ ಹಿಡಿಯಿತು. ಆ ಆರು ವರ್ಷ, ತಿಂಗಳಿಗೆ ಎರಡೋ ಮೂರೋ ಸಲ, ಮೂರು ತಾಸಿನ ದಾರಿ ಬಂದು ಎರಡು ತಾಸು ಕೂತು ಹೋಗುತ್ತಿದ್ದ. ಅಷ್ಟರಲ್ಲೇ ನನ್ನ ಮೇಲೆ ಎರಡು ತುಂಡು ಬೇಯಬೇಕು, ಇಬ್ಬರೂ ಉಣ್ಣಬೇಕು. ಉಂಡು ಅವನು ಹೊರಟ ಮೇಲೆ ಅವಳು ನನ್ನನ್ನು ಒಡನೆ ತೊಳೆಯುತ್ತಿರಲಿಲ್ಲ. ಬಿಸಿ ಆರುವ ತನಕ ಪಕ್ಕದಲ್ಲೇ ನಿಂತಿರುತ್ತಿದ್ದಳು.

2016ರಲ್ಲಿ ಒಂದು ದಿನ ವಿಕ್ಟರ್ ಸಹಾಯ ಮಾಡುವ ಉಮೇದಿನಲ್ಲಿ ಕಾದ ನನ್ನನ್ನು ತಣ್ಣೀರಿಗೆ ಅದ್ದಿದ. ಟಣ್ ಎಂದು ಅಂಚಿನಿಂದ ನಡುವಿನವರೆಗೆ ಸೀಳಿದೆ. ಎರಕದ ಕಬ್ಬಿಣಕ್ಕೆ ಬೆಸುಗೆ ನಿಲ್ಲುವುದು ಕಷ್ಟ. "ನನ್ನ ಅವ್ವನ ಹಂಚು ಒಡದ್ರಲ್ರೀ!" ಎಂದು ಸುಗುಣಾ ಎರಡು ದಿನ ಮಾತು ಬಿಟ್ಟಳು. ಆದರೆ ಎಸೆಯಲಿಲ್ಲ. ಈಗ ನಾನು ಅಡುಗೆಮನೆಯ ಕಿಟಕಿಯ ಮೂಲೆಯಲ್ಲಿದ್ದೇನೆ, ಮೈತುಂಬ ಬಳ್ಳೊಳ್ಳಿ ಗಡ್ಡೆ.

ಇಲ್ಲಿಂದ ಎಲ್ಲವೂ ಕಾಣುತ್ತದೆ. ವಿಕ್ಟರ್ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಸುಗುಣಾಗೆ ಇನ್ನೂ ಎರಡು ವರ್ಷ ಕೆಲಸವಿದೆ. ಅವಳ ಮಧ್ಯಾಹ್ನದ ಪಾಳಿ ಮುಗಿಯುವುದು ಎಂಟಕ್ಕೆ. ಈಗ ಅಡುಗೆ ಅವನದು. ಸ್ಟೇಕ್ ಅಗಿಯುವ ಹಲ್ಲು ಉಳಿದಿಲ್ಲವಾದ್ದರಿಂದ ಖೀಮಾ ಮಾಡುತ್ತಾನೆ, ಹಗುರ ಮೈಯ ಹೊಸ ಬಾಣಲೆಯಲ್ಲಿ. ಎರಡು ತಟ್ಟೆ ಇಡುತ್ತಾನೆ. ಅವಳು ಬರುವ ತನಕ ಒಂದು ತುತ್ತೂ ಮುಟ್ಟುವುದಿಲ್ಲ. ಜೀವನವಿಡೀ ಸಮಯಕ್ಕೆ ಸರಿಯಾಗಿ ಹೊರಟವನು ಈಗ ಕೂತು ಕಾಯುವುದನ್ನು ಕಲಿಯುತ್ತಿದ್ದಾನೆ. ನಾನು ಕಂಡಂತೆ, ಕಾಯುವ ಕೆಲಸ ಈ ಮನೆಯಿಂದ ಹೋಗಲಿಲ್ಲ, ಕೈ ಬದಲಾಯಿಸಿತು.

ಆ ಹೊಸ ಬಾಣಲೆ ಒಲೆ ಆರಿಸಿದ ಐದು ನಿಮಿಷಕ್ಕೇ ತಣ್ಣಗಾಗುತ್ತದೆ. ನಾನಾಗಿದ್ದರೆ ಅವಳ ಪಾಲನ್ನು ಇನ್ನೂ ಅರ್ಧ ಗಂಟೆ ಬೆಚ್ಚಗಿಡುತ್ತಿದ್ದೆ.

ಇವತ್ತು ಎಂಟೂ ನಲವತ್ತಾಗಿದೆ. ಹೊರಗೆ ಆಟೋ ನಿಂತ ಸದ್ದಾಯಿತು. ವಿಕ್ಟರ್ ಎದ್ದು ಬಾಗಿಲವರೆಗೆ ಹೋದ. ಎದುರುಮನೆಗೆ ಬಂದ ಆಟೋ. ಮರಳಿ ಬಂದು ಖೀಮಾ ಬಿಸಿ ಮಾಡಿದ, ಮುಚ್ಚಳ ಮುಚ್ಚಿದ, ಕೂತ. ಇನ್ನೊಂದು ಆಟೋ ನಿಂತಿತು. ಅವನು ಎದ್ದ.