ಅಪ್ಪನ ಹಸಿರು ಬೀಸಣಿಗೆ

ಚೌಕಟ್ಟು ಕಟ್ಟುವವರ ಮನೆಯಲ್ಲೇ ಗೋಡೆಗೊರಗಿ ಒಂದು ಖಾಲಿ ಚೌಕಟ್ಟು ನಿಂತಿತ್ತು. ಅದರೊಳಗೆ ಮೊದಲು ಇದ್ದದ್ದು, ಅಪ್ಪ ಇದ್ದಾಗ ಕಡಲಿನಿಂದ ತಂದು ಒಣಗಿಸಿ ಕೂರಿಸಿದ್ದ ಹಸಿರು ಪಾಚಿ. ನೋಡಲು ಅಂಗೈಯಗಲದ ಬೀಸಣಿಗೆಯಂತೆ, ಕೆಳಗೊಂದು ಗಿಡ್ಡ ಹಿಡಿ. ಕಳೆದ ವಾರ ಮೊಳೆ ಸಡಿಲಿ ಚೌಕಟ್ಟು ಕೆಳಗೆ ಬಿದ್ದು, ಪಾಚಿ ಪುಡಿಪುಡಿಯಾಯಿತು. ಅಂದಿನಿಂದ ಅಮ್ಮ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡುಬಿಟ್ಟಿದ್ದಳು.

“ಬೇರೆದು ತರ್ತೀವಮ್ಮ,” ಎಂದಳು ಅಕ್ಕ.

“ಅದೇ ಜಾತಿದು ತಂದ್ರೆ ಸರಿ. ಯಾವುದೋ ಒಂದು ತಂದು ನನ್ನ ಕಣ್ಣಿಗೆ ಮಣ್ಣೆರಚೋದಾದ್ರೆ, ಖಾಲೀನೇ ಇರ್ಲಿ.”

ಇಳಿತದ ಹೊತ್ತಿಗೆ ಅಕ್ಕತಂಗಿ ಕಡಲಿಗೆ ಹೋದರು. ಮೊಣಕಾಲುದ್ದದ ನೀರಿನಲ್ಲಿ, ಮರಳು ಕಚ್ಚಿಕೊಂಡು, ಒಂದಲ್ಲ ಎರಡು ಬಗೆಯ ಹಸಿರು ಬೀಸಣಿಗೆಗಳು ನಿಂತಿದ್ದವು: ಒಂದು ದಪ್ಪ, ಇನ್ನೊಂದು ತೆಳು. ಅಪ್ಪನ ಹೆಗಲೇರಿ ಇದೇ ನೀರು ದಾಟಿದ್ದು ತಂಗಿಗೆ ನೆನಪಾಯಿತು. ಬೀಸಣಿಗೆಯ ಚಹರೆ ಮಾತ್ರ ನೆನಪಾಗಲಿಲ್ಲ. ದಿನಾ ಕಂಡದ್ದನ್ನು ಯಾರು ನೋಡುತ್ತಾರೆ? ಅದೂ ವರ್ಷಗಳ ಬೆಳಕಿಗೆ ಬಣ್ಣ ಕಳೆದುಕೊಂಡು ಬಿಳಿಚಿತ್ತು.

ಎರಡನ್ನೂ ತಂದು ಮನೆಯ ಮುಂಭಾಗದ ಚೌಕಟ್ಟಿನ ಅಂಗಡಿಯ ಮೇಜಿನ ಮೇಲೆ ಒಣಗಿಸಿದರು.

“ಇದೇ ಕಣೇ,” ಎಂದು ಅಕ್ಕ ದಪ್ಪನೆಯದನ್ನು ಎತ್ತಿದಳು. “ಏನೇ ಮೌನಗೌರಿ, ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

ತಂಗಿಯ ಕಣ್ಣು ವಿನೆಗರ್ ಬಾಟಲಿಯ ಮೇಲಿತ್ತು. ಗಾಜು ಒರೆಸುವ ಆ ಬಾಟಲಿ, ಅಪ್ಪ ಇಡುತ್ತಿದ್ದ ಮೂಲೆಯಲ್ಲೇ ಇತ್ತು. ಚಿಕ್ಕವಳಿದ್ದಾಗ ಅವಳು ಈ ಮೇಜಿನ ತುದಿಗೆ ಗಲ್ಲವೂರಿ ಅವನ ಕೈಕೆಲಸ ನೋಡುತ್ತಿದ್ದಳು. ಒಮ್ಮೆ ಒಂದು ಹನಿ ಬೀಸಣಿಗೆಯ ಎಡ ಅಂಚಿಗೆ ಸಿಡಿದು ನೊರೆಯೆದ್ದಿತ್ತು. “ನೋಡೇ, ಮೈಯೆಲ್ಲ ಸುಣ್ಣ ಇದಕ್ಕೆ! ನಿಮ್ಮಮ್ಮನ ಥರಾನೇ. ಒಂಚೂರು ಹುಳಿ ಬಿದ್ರೆ ಸಾಕು, ಬುಸ್ ಅನ್ನುತ್ತೆ,” ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ತಂಗಿ ಬಾಟಲಿ ತೆಗೆದು ದಪ್ಪನೆಯದರ ಮೇಲೆ ಒಂದು ಹನಿ ಬಿಟ್ಟಳು. ಉಣ್ಣೆಬಟ್ಟೆಯ ಹಾಗೆ ಕುಡಿದು ಸುಮ್ಮನಾಯಿತು. ತೆಳುವಾದುದರ ಎಡ ಅಂಚಿಗೆ ಇನ್ನೊಂದು ಹನಿ. ಬುಸ್!

“ಅಯ್ಯೋ, ಹಾಳು ಮಾಡಿದ್ಯಲ್ಲೇ!” ಅಕ್ಕ ಕೂಗಿದಳು. ಸುಣ್ಣ ಕರಗಿದಷ್ಟು ಜಾಗ ಮೆತ್ತಗಾಗಿ ಕಿವಿಯಂತೆ ಮಡಚಿಕೊಂಡಿತ್ತು.

ಕೂಗು ಕೇಳಿ ಅಮ್ಮ ಎದ್ದು ಬಂದಳು. ಮಡಚಿದ ಅಂಚನ್ನು ಬೆರಳ ತುದಿಯಿಂದ ಮುಟ್ಟಿದಳು.

“ಅವರದ್ದೂ ಇಲ್ಲೇ ಹಿಂಗೇ ಮಡಚಿತ್ತು,” ಎಂದಳು. “ನನಗೆ ಹೋಲಿಸಿ ನಕ್ಕಿದ್ರಲ್ಲ, ಒಳಗಿದ್ದೋಳಿಗೆ ಕೇಳಿಸ್ಲಿಲ್ಲ ಅಂದ್ಕೊಂಡಿದ್ರು.”

ಸಂಜೆ ಅಕ್ಕ ಹೊಸ ಮೊಳೆ ಹೊಡೆದು, ತೆಳುವಾದುದನ್ನು ಕೂರಿಸಿದ ಚೌಕಟ್ಟನ್ನು ತೂಗುಹಾಕಿದಳು. ಅಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತು, “ಸ್ವಲ್ಪ ಎಡಕ್ಕೆ ವಾಲಿದೆ, ಸರಿ ಮಾಡ್ರೇ,” ಎಂದಳು.