ಟಗರಿನ ಗುರುತು

ಒದ್ದೆ ಗೋಣಿತಾಟು ಸರಿಸಿದ ಕೂಡಲೇ ಕಾಶಿಬಾಯಿ ತಲೆಯ ಮೇಲಿನ ಸೆರಗನ್ನು ಮುಂದೆಳೆದುಕೊಂಡಳು. ಗುರುತಿಲ್ಲದ ಗಂಡಸಿನ ಎದುರು ಅವಳ ಕೈ ತಾನಾಗಿಯೇ ಹಾಗೆ ಮಾಡುತ್ತದೆ. ಎದುರಿಗಿದ್ದದ್ದು ಮಾತ್ರ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡ ಅವಳ ತಮ್ಮ ಸಿದ್ಧರಾಮ, ಜೇಡಿಮಣ್ಣಿನಲ್ಲಿ, ಬರಿದಲೆಯಲ್ಲಿ, ಎದೆಯಿಂದ ಮೇಲಕ್ಕೆ.

“ಇಂವ ಯಾರೋ ಯಪ್ಪಾ?” ಅಂದಳು.

ಮೂರ್ತಿ ಮಾಡುವ ಧೂಳಪ್ಪನ ಮುಖ ಇಳಿಯಿತು. ಬಸವನ ಬಾಗೇವಾಡಿಯ ಅವನ ಶೆಡ್ಡಿನಲ್ಲಿ ಸಾಲಾಗಿ ನಿಂತ ದೇವರುಗಳೂ ಮಹಾಪುರುಷರೂ ಹೆಚ್ಚುಕಡಿಮೆ ಒಬ್ಬಳೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು. ಎಲ್ಲರಿಗೂ ಅದೇ ಮೂಗು. ಸಿದ್ಧರಾಮನಿಗೆ ಹೆಚ್ಚಿಗೆ ಒಂದು ಮೀಸೆ ಸಿಕ್ಕಿತ್ತು, ಎರಡೂ ತುದಿಗೆ ಇಂಡಿ ತಾಲೂಕಿನ ನಿಂಬೆಹಣ್ಣು ನಿಲ್ಲಿಸಬಹುದಾದಂಥದ್ದು.

“ಫೋಟೋದಾಗ ಇದ್ದಂಗ ಮಾಡೇನ್ರಿ ಅಕ್ಕಾರ,” ಎಂದ ಧೂಳಪ್ಪ.

ಅವನದೇನೂ ತಪ್ಪಿರಲಿಲ್ಲ. ಸಾವಿನ ಸುದ್ದಿ ಬಂದ ವರ್ಷ ಅವರೂರು ಯಂಕಂಚಿಯ ಮನೆಯಲ್ಲಿದ್ದದ್ದು ಹೆಬ್ಬೆರಳಿನಷ್ಟು ಫೋಟೋ, ಅದೂ ನೀರು ಬಿದ್ದು ಮಸುಕಾದದ್ದು. ಸಿಂದಗಿಯ ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಯೋಧ ಅಂದಮೇಲೆ ಇರಲಿ ಎಂದು ಒಂದು ಮೀಸೆಯನ್ನೂ ಬರೆದುಕೊಟ್ಟ. ಇಪ್ಪತ್ತಾರು ವರ್ಷ ಊರಿನ ಬ್ಯಾನರುಗಳಲ್ಲಿ ಆ ಮೀಸೆಯೇ ಮೆರೆಯಿತು. ಪಾಪ, ಇಪ್ಪತ್ತೆರಡಕ್ಕೆ ಹೋದ ಹುಡುಗನ ತುಟಿಯ ಮೇಲೆ ನಾಲ್ಕು ಕೂದಲೂ ನೆಟ್ಟಗಿರಲಿಲ್ಲ. ‘ಅಕ್ಕಾ, ಮೀಸಿ ಇನ್ನೂ ಬಂದಿಲ್ಲ, ಬಂದ ಕೂಡ್ಲೆ ತಿಳಸ್ತೇನಿ’ ಎಂದು ಪ್ರತಿ ಪತ್ರದ ಕೊನೆಗೂ ಬರೆಯುತ್ತಿದ್ದ.

“ಮೀಸಿ ತಗಿ,” ಅಂದಳು ಕಾಶಿಬಾಯಿ.

“ಹಂಗ ಹ್ಯಾಂಗ ಆಗ್ತದ?” ಎಂದು ಗೋವಿಂದ ಮಾಸ್ತರು ಅಡ್ಡ ಬಂದರು. ಸಿದ್ಧರಾಮನಿಗೆ ಅಕ್ಷರ ಕಲಿಸಿದವರು, ಈಗ ಮೂರ್ತಿ ಸಮಿತಿಯ ಅಧ್ಯಕ್ಷರು. “ಊರಿಗೆ ಊರ ಈ ಮಾರಿ ನೋಡೇದ. ಮೀಸಿ ಇಲ್ಲದ ಸೈನಿಕನ್ನ ನಿಲ್ಲಿಸಿದ್ರ ಮಂದಿ ನಗ್ತಾರ, ಕಾಶಿಬಾಯಿ.”

“ಅಂವಾ ಇದ್ದಾಗ್ಲೂ ನಗಸ್ತಿದ್ನಲ್ರಿ ಸರ,” ಎಂದ ಸೋಮನಿಂಗ. ಕುರಿ ಕಾಯುವ ಸೋಮನಿಂಗ ಸಿದ್ಧರಾಮನ ಓರಗೆಯವನು, ಜೀವದ ಗೆಳೆಯ. ಆ ಹೊತ್ತು ಹಿಂಡನ್ನು ಹೆಂಡತಿಗೆ ಒಪ್ಪಿಸಿ ಇವರ ಜೊತೆ ಬಂದಿದ್ದ.

ಧೂಳಪ್ಪ ಕೈ ಒರೆಸಿಕೊಂಡ. “ನಾಳೆ ಅಚ್ಚ ತಗದು ಎರಕಕ್ಕ ಕಳಸಬೇಕ್ರಿ. ಆಮ್ಯಾಲ ಏನೂ ಮಾಡಾಕ ಬರೂದಿಲ್ಲ. ಹಂಗಾರ ಹೆಂಗಿದ್ದ ಅನ್ನೂದರ ಹೇಳ್ರಿ.”

ಕಾಶಿಬಾಯಿ ಮತ್ತೊಮ್ಮೆ ಮೂರ್ತಿಯ ಕಡೆ ನೋಡಿದಳು. ಯಾರಿಗೂ ಹೇಳದೆ ಇಟ್ಟುಕೊಂಡ ಸಂಗತಿ ಇದು: ಒಂದೆರಡು ವರ್ಷದಿಂದ ಕಣ್ಣು ಮುಚ್ಚಿದರೂ ಅವಳಿಗೆ ಬ್ಯಾನರಿನ ಮುಖವೇ ಬರುತ್ತಿತ್ತು. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ತನಗೇ ಅವನ ಮುಖ ಮರೆತುಹೋದರೆ ಇನ್ನು ಅದು ಎಲ್ಲೂ ಇಲ್ಲ. ನಾಳೆ ಈ ಮೀಸೆಯವನು ಕಂಚಾಗಿ ನಿಂತುಬಿಡುತ್ತಾನೆ.

ಸೋಮನಿಂಗ ಮೂರ್ತಿಯನ್ನು ಒಂದು ಸುತ್ತು ಹಾಕಿ, ಸಂತೆಯಲ್ಲಿ ಕುರಿ ನೋಡುವವನ ಹಾಗೆ ಬಗ್ಗಿ ನೋಡಿದ. “ಅಕ್ಕಾ, ನಮ್ಮ ಟಗರು ಗುದ್ದಿದ್ದು ಎಲ್ಲೈತಿ?”

“ಯಾವ ಟಗರು?” ಎಂದರು ಮಾಸ್ತರು.

“ನಮ್ಮಪ್ಪನ ಟಗರ್ರಿ. ‘ನನ್ನ ಮುಂದ ಅದೇನ್ ನಿಂತೀತು’ ಅಂತ ಸಿದ್ಧರಾಮ ಕೋಡ ಹಿಡ್ಯಾಕ ಹೋದ. ಎಂಟ ದಿನ ಸಾಲೀಗೆ ಬರಲಿಲ್ಲ, ನೆನಪಿಲ್ಲೇನ್ರಿ?”

ಕಾಶಿಬಾಯಿಯ ಬಲಗೈ ಹೆಬ್ಬೆರಳು ತಾನಾಗಿ ಮಡಚಿತು. ಗಾಯಕ್ಕೆ ಅರಿಸಿನ ಮೆತ್ತಿದವಳು ಅವಳೇ. ಆಮೇಲೆ ಪ್ರತಿ ಶನಿವಾರ ತಲೆಗೆ ಎಣ್ಣೆ ಹಚ್ಚುವಾಗ ಎಡಹುಬ್ಬಿನ ಮೇಲಿನ ಆ ತಗ್ಗಿಗೆ ಹೆಬ್ಬೆರಳು ಹೋಗಿ ಕೂಡುತ್ತಿತ್ತು. ‘ಉರೀತೈತಿ ಅಕ್ಕಾ’ ಎಂದು ಕೊಸರಾಡುತ್ತಿದ್ದ, ಉರಿಯದಿದ್ದರೂ.

ಅವಳು ಕಣ್ಣು ಮುಚ್ಚಿ ಎರಡೂ ಕೈಯಿಂದ ಮಣ್ಣಿನ ತಲೆ ಹಿಡಿದಳು. ತಣ್ಣಗಿತ್ತು. ಕೈಗಳಿಗೆ ಬ್ಯಾನರು ಗೊತ್ತಿರಲಿಲ್ಲ. ಹೆಬ್ಬೆರಳು ಹುಬ್ಬಿನ ಮೇಲೆ ಹೋಗಿ ಒತ್ತಿತು. ಅಲ್ಲಿಂದ ಹಣೆ ಇಳಿಯುವ ರೀತಿ, ಉಬ್ಬಿದ ಕೆನ್ನೆ, ಮುಂದಕ್ಕೆ ಬಾಗಿದ ಕಿವಿ, ಒಂದೊಂದೇ ಕೈಗೆ ಬಂದವು. ರೊಟ್ಟಿಯ ಹಿಟ್ಟು ಮಿದ್ದಂತೆ ಮಿದ್ದಳು. “ಅಕ್ಕಾರ, ಅಕ್ಕಾರ,” ಎಂದು ಧೂಳಪ್ಪ ಒದ್ದಾಡುತ್ತಲೇ ಇದ್ದ. ಕೊನೆಗೆ ಮೂಗಿನ ಕೆಳಗೆ ಬೆರಳೆಳೆದಳು; ಮೀಸೆ ಅಂಗೈಗೆ ಬಂತು.

ಕಣ್ಣು ಬಿಟ್ಟಾಗ ಮೂರ್ತಿಯ ಮುಖ ಸೊಟ್ಟಪಟ್ಟಗಿತ್ತು. ಆದರೆ ಇವನೆದುರು ಸೆರಗು ಎಳೆದುಕೊಳ್ಳಬೇಕು ಅನಿಸಲಿಲ್ಲ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಗೋವಿಂದ ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಮಗ್ಗಿ ತಪ್ಪಿದಾಗ ಥೇಟ್ ಹಿಂಗ ನಿಂದರ್ತಿದ್ದ, ಮಬ್ಬ,” ಎಂದರು. ಧೂಳಪ್ಪನ ಕಡೆ ತಿರುಗಿ, “ಮೀಸಿ ಬ್ಯಾಡ ಬಿಡು,” ಎಂದರು.

“ಉಳಿದದ್ದು ನಾ ಸರಿ ಮಾಡ್ತೇನ್ರಿ,” ಎಂದ ಧೂಳಪ್ಪ. “ಹುಬ್ಬಿನ ಮ್ಯಾಲಿನ ತಗ್ಗ ಮುಚ್ಚಲೇನ್ರಿ?”

“ಅದನ್ನ ಮುಟ್ಟಿ ನೋಡು, ಕೈ ಮುರೀತೇನಿ,” ಅಂದಳು ಕಾಶಿಬಾಯಿ, ನಗುತ್ತ, ಕಣ್ಣೊರೆಸಿಕೊಳ್ಳುತ್ತ. ಕೈಯ ಮಣ್ಣೆಲ್ಲ ಮುಖಕ್ಕಾಯಿತು.

ಎರಡು ತಿಂಗಳ ಮೇಲೆ ಒಂದು ಶುಕ್ರವಾರ ಯಂಕಂಚಿಯ ಶಾಲೆಯ ಎದುರು ಮೂರ್ತಿಯ ಪರದೆ ಸರಿಯಿತು. ಹೊರಗಿನಿಂದ ಬಂದ ಭಾಷಣಕಾರರು ಹುಬ್ಬಿನ ಕಡೆ ಕೈಮಾಡಿ, “ನೋಡಿ ಬಂಧುಗಳೇ, ವೈರಿಯ ಗುಂಡಿಗೆ ಹಣೆಯೊಡ್ಡಿದ ಗುರುತು!” ಎಂದು ಗುಡುಗಿದರು. ಚಪ್ಪಾಳೆಯೋ ಚಪ್ಪಾಳೆ. ತಿದ್ದಬೇಕೆಂದು ಮಾಸ್ತರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಪಕ್ಕದಲ್ಲಿದ್ದ ಕಾಶಿಬಾಯಿ ತಡೆದಳು. “ಇರ್ಲಿ ಬಿಡ್ರಿ ಸರ, ಟಗರಿಗೂ ಒಂದ್ ಸಲ ಚಪ್ಪಾಳಿ ಬೀಳ್ಲಿ.” ಸೋಮನಿಂಗ ಹೆಗಲ ಟಾವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಗು ನುಂಗಿದ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಕ್ಕಳು ಬಂದು ನೋಡುವಷ್ಟರಲ್ಲಿ ಸಿದ್ಧರಾಮನ ತಲೆ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿತ್ತು. ಎಡಹುಬ್ಬಿನ ಮೇಲಿನ ತಗ್ಗಿನಲ್ಲಿ ಒಂದು ಹನಿ ಎಣ್ಣೆ ನಿಂತಿತ್ತು.